ಕತ್ತಿ ಮಾರಿದವನು

ಪೈಸಾಂದುವಿನ ಮಾಂಸದ ಕಾರ್ಖಾನೆಯಲ್ಲಿ
ಇಪ್ಪತ್ತಾರು ವರ್ಷ ಚೂರಿ ಹಿಡಿದವನು ಎಲ್ಬಿಯೊ.
ನಮ್ಮ ಹಿತ್ತಲಿನ ಬಾಡಿಗೆ ಕೋಣೆಗೆ ಸಂಜೆ ಮರಳುವಾಗ
ಮೈಯಲ್ಲಿ ನಿಂಬೆ ಸೋಪಿನ ವಾಸನೆ,
ಅದರಡಿಗೆ ಸೋಪಿಗೂ ಜಗ್ಗದ ಇನ್ನೊಂದು.
ಬಲಗೈ ಹೆಬ್ಬೆರಳು ನೆಟ್ಟಗಾಗುತ್ತಿರಲಿಲ್ಲ.
ಕಂಟ್ರೋಲರ್ ಹಿಡಿಯಲು ಕಲಿಸುವುದಕ್ಕೇ ಒಂದು ವಾರ ಹೋಯಿತು.

ಅಣ್ಣ ಫಾಬ್ರಿಸಿಯೊ ಆಟದಲ್ಲಿ ಜೋಡಿ ಕೊಡಲಿಯವನು.
ಬಾಗಿಲಿಗೆ ಬೀಗವಿದ್ದರೆ ಬಾಗಿಲನ್ನೇ ಒಡೆ,
ಸೇತುವೆಗೆ ಕಾವಲಿದ್ದರೆ ಕಾವಲುಗಾರನನ್ನೇ ತುಳಿದು ದಾಟು.
ನಾನು ಕಳ್ಳಿ. ಕಪ್ಪು ಮುಸುಕು, ಸದ್ದಿಲ್ಲದ ಚಪ್ಪಲಿ,
ರಾಜನ ಬೊಕ್ಕಸದೊಳಗೆ ಇಡೀ ರಾತ್ರಿ ಕಳೆದು
ಅವನ ಚಮಚ ಮಾತ್ರ ಕದ್ದು ಬಂದವಳು.
ನೂರ ನಲವತ್ತೊಂದು ಚಮಚ ಇದ್ದವು ನನ್ನ ಹತ್ತಿರ.
ಯಾಕೆ ಎಂದು ಆಟ ಒಮ್ಮೆಯೂ ಕೇಳಲಿಲ್ಲ.
ಶಾಲೆ ಕೇಳುತ್ತಿತ್ತು, ಅಮ್ಮ ಕೇಳುತ್ತಿದ್ದಳು,
ಕೂತರೆ ಯಾಕೆ, ನಿಂತರೆ ಯಾಕೆ.

ಎಲ್ಬಿಯೊಗೆ ಹೊಸ ಆಟ ತೆರೆದುಕೊಟ್ಟೆವು.
ಪರದೆ ಕೇಳಿತು: ಯೋಧನೋ, ಮಾಂತ್ರಿಕನೋ, ಬೇಟೆಗಾರನೋ?
ಸೋರೆಬುರುಡೆಯ ಮಾಟೆ ಹೀರುತ್ತ ಬಹಳ ಹೊತ್ತು ಕೂತ.
ಜುಲೈ ತಿಂಗಳು. ಕಿಟಕಿಯ ಸಂದಿಯಲ್ಲಿ ನದಿಯ ಚಳಿ.
"ಇದರಲ್ಲಿ ಏನೂ ಅಲ್ಲದವನು ಇಲ್ವಾ?"
ಇರಲಿಲ್ಲ. ಯೋಧನನ್ನು ಒತ್ತಿ,
ಮೊದಲ ಹಳ್ಳಿಯ ಮೊದಲ ಅಂಗಡಿಗೆ ಹೋಗಿ
ಕತ್ತಿ ಮಾರಿದ.
ಎಂಟು ನಾಣ್ಯ ಬಂತು. ಒಂದು ಬಾಣಲೆ ಕೊಂಡ, ಚೂರು ಉಪ್ಪು,
ಕಿವಿ ಮುಚ್ಚುವ ಟೋಪಿ.

"ಬಾಣಲೆ ಹಿಡಿದು ಡ್ರ್ಯಾಗನ್ ಎದುರು ಹೋಗ್ತೀಯಾ?"
ಫಾಬ್ರಿಸಿಯೊ ಹೊಟ್ಟೆ ಹಿಡಿದು ನಕ್ಕ.
"ಡ್ರ್ಯಾಗನ್ ನನಗೇನು ಮಾಡಿದೆ?" ಅಂದ ಎಲ್ಬಿಯೊ.

ತೋಳ ಬಂದರೆ ಮರ ಹತ್ತುತ್ತಿದ್ದ, ಕಾಯುತ್ತಿದ್ದ,
ಗೋಡೆ ಗಡಿಯಾರದ ಹದಿನೈದು ನಿಮಿಷ,
ನಾವೂ ಕಾಯಬೇಕು.
ದರೋಡೆಕೋರರಿಗೆ ಸಾರು ಬಡಿಸಿದ.
ಇಬ್ಬರು ಉಂಡರು, ಮೂರನೆಯವನು ಇವನನ್ನೇ ಕೊಂದ.
ಮತ್ತೆ ಎದ್ದು ಬಂದು, ಉಪ್ಪು ಸ್ವಲ್ಪ ಜಾಸ್ತಿ ಹಾಕಿದ.
ಜೌಗಿನ ಮುದುಕಿಯ ಬಳಿ ಕೂತು
ಇಲ್ಲದ ಲೋಕದ ಸೊಪ್ಪುಗಳ ಹೆಸರು ಬಾಯಿಪಾಠ ಮಾಡಿದ.
ಎರಡು ತಿಂಗಳಾದರೂ ಮೂರನೆಯ ಹಂತ ದಾಟಲಿಲ್ಲ.
ಬೆಟ್ಟದ ಮೇಲೆ ಡ್ರ್ಯಾಗನ್ ತನ್ನ ಪಾಡಿಗೆ ತಾನು
ನೆಂಟರು ಬಾರದ ಮನೆಯ ಹಾಗೆ ದೀಪ ಉರಿಸಿಕೊಂಡಿತ್ತು.

ಒಂದು ಶನಿವಾರ, ಕೊರಕಲಿನ ಅಂಚಿನಲ್ಲಿ
ಹುಡುಗಿಯೊಬ್ಬಳು ಅಡ್ಡ ನಿಂತಳು:
ನನ್ನ ಕುದುರೆ ಕೆಳಗೆ ಬಿದ್ದಿದೆ, ಕಾಲು ಮುರಿದಿದೆ.
ವಾಸಿ ಮಾಡುವ ಮಂತ್ರಕ್ಕೆ ಇಪ್ಪತ್ತನೆಯ ಹಂತ ಬೇಕು.
ಸುಮ್ಮನೆ ಹೊರಟುಹೋಗಬಹುದು, ಆಟ ತಡೆಯುವುದಿಲ್ಲ.
ಅಥವಾ.

ಅವನು ತಿರುಗಿ ನಡೆದ, ಬಂದ ದಾರಿಯನ್ನೆಲ್ಲ,
ಅದೇ ಹಳ್ಳಿ, ಅದೇ ಅಂಗಡಿ.
ತನ್ನದೇ ಕತ್ತಿಗೆ ಈಗ ಇಪ್ಪತ್ತು ನಾಣ್ಯ.
ಬಾಣಲೆ ಹೋಯಿತು, ಟೋಪಿ ಹೋಯಿತು,
ಒಣಗಿಸಿಟ್ಟ ಸೊಪ್ಪೆಲ್ಲ ಹೋಯಿತು.
ಕೊರಕಲಿಗಿಳಿದು ಕುದುರೆಯ ಸುತ್ತ ಒಂದು ಬಳಸು ಬಂದ.
"ಗುಂಡಿ ಒತ್ತು, ಅಷ್ಟೇ" ಅಂದ ಫಾಬ್ರಿಸಿಯೊ.
"ತಡಿ. ನನ್ನ ನೆರಳು ಅದರ ಕಣ್ಣಿಗೆ ಬೀಳಬಾರದು."
ಆ ಆಟದಲ್ಲಿ ನೆರಳಿಗೆ ಲೆಕ್ಕವೇ ಇಲ್ಲ,
ನಮಗದು ಗೊತ್ತಿತ್ತು. ಹೇಳಲಿಲ್ಲ.

ಒಂದೇ ಏಟು.

ಕಂಟ್ರೋಲರನ್ನು ನೆಲದ ಮೇಲೆ ಮೆಲ್ಲಗಿಟ್ಟು
ನಮ್ಮ ಅಡುಗೆಮನೆಯ ನಲ್ಲಿಯಲ್ಲಿ ಕೈ ತೊಳೆದ,
ಮೊಣಕೈವರೆಗೆ, ಉಗುರಿನ ಸಂದಿಯನ್ನೂ.
ಅಮ್ಮ ಟವೆಲ್ ಕೊಟ್ಟಳು. ಆವತ್ತು ಯಾಕೆ ಎಂದು ಕೇಳಲಿಲ್ಲ.

ಸೋಮವಾರ ನಾಲ್ಕೂವರೆಗೆ ಗೇಟಿನಲ್ಲಿ ಅವನ ಸೈಕಲ್ಲಿನ ಕಿರ್ರ್.
ಅವನು ಹೋಗುವ ಕಡೆ ಯಾವ ಪರದೆಯೂ ಏನೂ ಕೇಳುವುದಿಲ್ಲ.
ಸಂಜೆ ಬಂದವನೇ ಕತ್ತಿಯನ್ನು ಮತ್ತೆ ಮಾರಿದ.
ಈ ಸಲ ನಾಲ್ಕೇ ನಾಣ್ಯ. ಬಾಣಲೆಗೆ ಐದು.
"ಇರಲಿ" ಅಂದ, ನನ್ನತ್ತ ಬುರುಡೆ ಚಾಚುತ್ತ,
"ಬಾಣಲೆ ಇಲ್ಲದವನು ಹೇಗೆ ಬದುಕ್ತಾನೆ, ಅದನ್ನೂ ನೋಡೋಣ."